ದೂರ ಎಷ್ಟು, ಹೊತ್ತು ಎಷ್ಟು? – ರಾಯಕೋಟೆಯಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ



ನಮ್ಮ ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ಹಿರಿಯರನ್ನು "ಆ ಊರು ಎಷ್ಟು ದೂರ?" ಎಂದು ಕೇಳಿದರೆ ಕಿಲೋಮೀಟರಿನಲ್ಲಿ ಉತ್ತರ ಬರುವುದಿಲ್ಲ. "ಕೂಗಳತೆ ದೂರ", "ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಸೇರ್ತೀರಿ", "ಎರಡು ಹರದಾರಿ" ಎನ್ನುತ್ತಾರೆ. ಹರದಾರಿ ಎಂದರೆ ಸುಮಾರು 3 ಮೈಲಿ, ಗಾವುದ ಎಂದರೆ ಸುಮಾರು 12 ಮೈಲಿ ಎಂಬುದು ಹಳೆಯ ಲೆಕ್ಕ. ಇದನ್ನು ಅಜ್ಞಾನ ಎಂದು ನಗಬೇಕಾಗಿಲ್ಲ. ನಡೆಯುವವನಿಗೆ ಬೇಕಾದದ್ದು ಹೊತ್ತಿನ ಲೆಕ್ಕ. ಇಂದು ವಿಮಾನದಲ್ಲಿ ಹೋಗುವವರೂ ಅದನ್ನೇ ಮಾಡುತ್ತಾರೆ. "ಅಮೆರಿಕಾ ಎಷ್ಟು ದೂರ?" ಎಂದರೆ "ಹದಿನೇಳು ಗಂಟೆ" ಎನ್ನುತ್ತಾರೆ!

ದೂರ ಮತ್ತು ಹೊತ್ತು ಬೇರೆ ಬೇರೆ ಸಂಗತಿಗಳು. ದೂರವನ್ನು ಅಳೆಯಬಹುದು, ಬದಲಾಯಿಸಲಾಗದು. ಹೊತ್ತನ್ನು ಬದಲಾಯಿಸಬಹುದು. ಆದರೆ ಅದು ಯಾರಿಗಾಗಿ ಬದಲಾಗುತ್ತದೆ, ಯಾರಿಗೆ ಹಾಗೇ ಉಳಿಯುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಇತಿಹಾಸಕ್ಕೆ ಹೋಗಬೇಕು. ಆ ಇತಿಹಾಸದ ಒಂದು ಮುಖ್ಯ ಭಾಗ ನಮ್ಮ ಕೃಷ್ಣಗಿರಿ ಜಿಲ್ಲೆಯ ಮಣ್ಣಿನಲ್ಲೇ ನಡೆದಿದೆ ಎಂಬುದು ಸಂತೋಷದ ವಿಷಯ.

ಒಂದು ತಿಂಗಳ ದಾರಿ

1792ರಲ್ಲಿ ಮೂರನೇ ಮೈಸೂರು ಯುದ್ಧ ಮುಗಿದಾಗ ಬಾರಾಮಹಲ್ ಪ್ರದೇಶ, ಅಂದರೆ ಕೃಷ್ಣಗಿರಿ, ಧರ್ಮಪುರಿಯ ಭಾಗ, ಟಿಪ್ಪು ಸುಲ್ತಾನನ ಕೈತಪ್ಪಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಘಟ್ಟದ ಮೇಲಿನ ಹೊಸೂರು ಮಾತ್ರ 1799ರವರೆಗೆ ಮೈಸೂರಿನದೇ ಆಗಿತ್ತು. ಹಾಗಾಗಿ ಆ ಏಳು ವರ್ಷ ಗಡಿ ಇದ್ದದ್ದು ಇಂದಿನ ಅತ್ತಿಬೆಲೆಯಲ್ಲಿ ಅಲ್ಲ, ರಾಯಕೋಟೆಯ ಹತ್ತಿರ.

1799ರ ಮಾರ್ಚ್ 5ರಂದು ಜನರಲ್ ಹ್ಯಾರಿಸ್‌ನ ಸೈನ್ಯ ರಾಯಕೋಟೆಯ ಕಡೆಯಿಂದ ಮೈಸೂರಿನ ಗಡಿ ದಾಟಿತು. ನಮ್ಮ ಕೆಲಮಂಗಲದ ಬಳಿ ಬೀಡುಬಿಟ್ಟಿತು. ಅಲ್ಲಿಂದ ಆನೇಕಲ್, ಕನಕಪುರ, ಮಳವಳ್ಳಿ ಕಡೆಯಿಂದ ಸುತ್ತಿ ಬಳಸಿ ಸಾಗಿ ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಮುಂದೆ ನಿಂತಿತು. ಸರಿಯಾಗಿ ಒಂದು ತಿಂಗಳು!

ಲೆಕ್ಕ ಹಾಕಿ ನೋಡೋಣ. ರಾಯಕೋಟೆಗೂ ಶ್ರೀರಂಗಪಟ್ಟಣಕ್ಕೂ ಹಕ್ಕಿ ಹಾರುವ ದೂರ ಸುಮಾರು 146 ಕಿ.ಮೀ. ಅದಕ್ಕೆ 31 ದಿನ ಹಿಡಿದರೆ ದಿನಕ್ಕೆ 5 ಕಿ.ಮೀ. ಕೂಡ ಆಗುವುದಿಲ್ಲ. ಮದ್ದುಗುಂಡು, ಫಿರಂಗಿ, ಅಕ್ಕಿ ಮೂಟೆ ಎಲ್ಲವೂ ಎತ್ತುಗಳ ಬೆನ್ನ ಮೇಲೆ. ಮೇವು ಸಿಗದಂತೆ ಟಿಪ್ಪುವಿನ ಕಡೆಯವರು ದಾರಿಯ ಹುಲ್ಲನ್ನೆಲ್ಲ ಸುಟ್ಟಿದ್ದರು. ಎತ್ತುಗಳು ಬಿದ್ದುಬಿದ್ದು ಸತ್ತವು. ಸೈನ್ಯದ ವೇಗವೆಂದರೆ ಎತ್ತಿನ ವೇಗವೇ. ಇಂದಿನ ದೊಡ್ಡ ವಿಮಾನ ಇಷ್ಟು ದೂರವನ್ನು ಹತ್ತೇ ನಿಮಿಷದಲ್ಲಿ ದಾಟುತ್ತದೆ.

ಸರಪಳಿ ಹಿಡಿದು ಬಂದವರು

ಆ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದನು. ಗಣಿತದಲ್ಲಿ ಬಹಳ ಆಸಕ್ತಿ. ಆ ದಂಡಯಾತ್ರೆಯ ಕಾಲದಲ್ಲಿ ಒಂದು ರಾತ್ರಿ ತುಕಡಿ ದಾರಿತಪ್ಪಿ ಶತ್ರುವಿನ ಪಾಳೆಯದ ಕಡೆಗೇ ಹೋಗುತ್ತಿದ್ದಾಗ, ನಕ್ಷತ್ರಗಳನ್ನು ನೋಡಿ ದಿಕ್ಕು ತಪ್ಪಾಗಿದೆ ಎಂದು ಎಚ್ಚರಿಸಿದವನು ಈತನೇ ಎಂದು ಇತಿಹಾಸಕಾರರು ಹೇಳುತ್ತಾರೆ.

1799ರ ಮೇ 4ರಂದು ಟಿಪ್ಪು ಮಡಿದನು. ಗೆದ್ದ ನಾಡನ್ನು ಆಳಬೇಕಾದರೆ ಅದರ ಅಳತೆ ಬೇಕು. ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ತೊಡಗಿದನು. ಲ್ಯಾಂಬ್ಟನ್ ಇನ್ನೂ ದೊಡ್ಡ ಯೋಜನೆ ಹಾಕಿದನು. ಒಂದು ಗೆರೆಯನ್ನು ನೆಲದ ಮೇಲೆ ಅತಿ ನಿಖರವಾಗಿ ಅಳೆಯುವುದು. ಅದನ್ನೇ ಪಾದವಾಗಿಟ್ಟುಕೊಂಡು, ಬೆಟ್ಟದಿಂದ ಬೆಟ್ಟಕ್ಕೆ ಕೋನ ನೋಡುತ್ತಾ, ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ ಹೋಗುವುದು. ಒಂದು ಬಾಹು ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದ ಎರಡು ಬಾಹುಗಳು ಲೆಕ್ಕದಿಂದಲೇ ಸಿಗುತ್ತವೆ. ನಾವು ಪ್ರೌಢಶಾಲೆಯಲ್ಲಿ ಕಲಿಸುವ ತ್ರಿಕೋನಮಿತಿ ಇದೇ ಅಲ್ಲವೇ!

ಮೊದಲ ಪಾದರೇಖೆಯನ್ನು ಅವನು ಅಳೆದದ್ದು ನಮ್ಮ ಪಕ್ಕದ ಬೆಂಗಳೂರಿನ ಬಯಲಿನಲ್ಲಿ, 1800ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಉದ್ದ ಸುಮಾರು 7.43 ಮೈಲಿ, ಅಂದರೆ 12 ಕಿ.ಮೀ. ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಆದ್ದರಿಂದ ಪ್ರತಿ ಸಲ ಉಷ್ಣತೆಯನ್ನೂ ಬರೆದುಕೊಳ್ಳಬೇಕಿತ್ತು. 12 ಕಿ.ಮೀ.ಗೆ ಸುಮಾರು ಎರಡು ತಿಂಗಳು! ಇಂದಿನ ವಿಮಾನಕ್ಕೆ ಇದು ಒಂದು ನಿಮಿಷದ ಕೆಲಸವೂ ಅಲ್ಲ. ಆದರೆ ಆ ಎರಡು ತಿಂಗಳ ತಾಳ್ಮೆಯ ಮೇಲೆಯೇ ಮುಂದಿನ ಎಲ್ಲ ನಕ್ಷೆಗಳೂ ನಿಂತಿವೆ.

ಕೋನ ಅಳೆಯುವ ದೊಡ್ಡ ಥಿಯೊಡೊಲೈಟ್ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕಿತ್ತು. ತೂಕ ಸುಮಾರು ಅರ್ಧ ಟನ್. ದಾರಿಯಲ್ಲಿ ಫ್ರೆಂಚರು ಆ ಹಡಗನ್ನು ಹಿಡಿದು ಮಾರಿಷಸ್‌ಗೆ ಒಯ್ದರು. ಇದು ವಿಜ್ಞಾನದ ಉಪಕರಣ ಎಂದು ತಿಳಿದ ಮೇಲೆ ಗೌರವದಿಂದ ಕಳಿಸಿಕೊಟ್ಟರು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಹೊಸ ಪಾದರೇಖೆ ಅಳೆದು ಅಲ್ಲಿಂದ ಪಶ್ಚಿಮಕ್ಕೆ ತ್ರಿಭುಜಗಳು ಹೊರಟವು. 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಮ್ಮೆ ನೆಲದ ಮೇಲೆ ಅಳೆದು ತಾಳೆ ನೋಡಿದರು. ಮದ್ರಾಸಿನಿಂದ ಲೆಕ್ಕದಲ್ಲಿ ಬಂದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಏಳು ಮೈಲಿಯಲ್ಲಿ ವ್ಯತ್ಯಾಸ 4 ಇಂಚಿಗಿಂತ ಕಡಿಮೆ!

ಇದರ ಫಲ ಏನಾಯಿತು? ಮದ್ರಾಸಿನಿಂದ ಮಂಗಳೂರಿಗೆ ಸುಮಾರು 400 ಮೈಲಿ ಎಂದು ಹಳೆಯ ನಕ್ಷೆಗಳು ಹೇಳುತ್ತಿದ್ದವು. ಲ್ಯಾಂಬ್ಟನ್‌ನ ಲೆಕ್ಕದಲ್ಲಿ ಅದು 360 ಮೈಲಿ. ದಕ್ಷಿಣ ಭಾರತ 40 ಮೈಲಿ ಕಿರಿದಾಯಿತು! ಯಾರೂ ನೆಲ ಕದ್ದಿರಲಿಲ್ಲ. ನಾಡು ಇದ್ದ ಹಾಗೇ ಇತ್ತು, ಅಳತೆ ಸರಿಯಾಯಿತು ಅಷ್ಟೇ. ಎರಡು ಊರುಗಳ ನಡುವಿನ "ಆಕಾಶದೂರ" ಎಂಬುದು ಕೋನ ಮತ್ತು ಬಾಹುಗಳಿಂದ ನಮ್ಮ ಭಾಗದಲ್ಲಿ ನಿಖರವಾಗಿ ಸಿಕ್ಕಿದ್ದು ಆಗಲೇ. ವಿಮಾನ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ವಿಮಾನದೂರ ಸಿದ್ಧವಾಗಿತ್ತು ಎನ್ನಬಹುದು.

ಒಂದು ಮಾತು ಇಲ್ಲಿ ಹೇಳಲೇಬೇಕು. ಆ ಅರ್ಧ ಟನ್ ಯಂತ್ರವನ್ನು ಬೆಟ್ಟ ಹತ್ತಿಸಿದವರು, ಬಾವುಟ ಹಿಡಿದು ನಿಂತವರು, ಸರಪಳಿ ಎಳೆದವರು ನಮ್ಮವರೇ ಆದ ಕೂಲಿಗಳು, ಲಷ್ಕರಿಗಳು. ಕಾಡುಜ್ವರಕ್ಕೆ ತುತ್ತಾಗಿ ಸತ್ತವರು ಅನೇಕರು. ಲ್ಯಾಂಬ್ಟನ್‌ನ ಹೆಸರು ಪುಸ್ತಕದಲ್ಲಿದೆ. ಅವರ ಹೆಸರು ಎಲ್ಲೂ ಇಲ್ಲ. ಪಾಠ ಮಾಡುವಾಗ ಅವರನ್ನೂ ನೆನೆಯುವುದು ನ್ಯಾಯ.

ಹಡಗು, ರೈಲು, ವಿಮಾನ

ಲ್ಯಾಂಬ್ಟನ್‌ನ ಕಾಲದಲ್ಲಿ ಲಂಡನ್ನಿನಿಂದ ಮದ್ರಾಸಿಗೆ ಆಫ್ರಿಕಾ ಸುತ್ತಿ ಬರಲು ಐದಾರು ತಿಂಗಳು. ಒಂದು ಪತ್ರ ಬರೆದು ಉತ್ತರ ಪಡೆಯಬೇಕಾದರೆ ವರ್ಷವೇ ಕಳೆಯುತ್ತಿತ್ತು. 1869ರ ನವೆಂಬರ್ 17ರಂದು ಸೂಯೆಜ್ ಕಾಲುವೆ ತೆರೆದ ಮೇಲೆ ದಾರಿಯೂ ಕಿರಿದಾಯಿತು, ಹೊತ್ತೂ ಕಡಿಮೆಯಾಯಿತು.

ಒಳನಾಡಿನಲ್ಲಿ ರೈಲು ಬಂತು. 1864ರಲ್ಲಿ ಮದ್ರಾಸ್ ಕಡೆಯಿಂದ ಜೋಲಾರಪೇಟೆಯ ಮೂಲಕ ಬೆಂಗಳೂರು ದಂಡಿಗೆ ರೈಲು ಸೇರಿತು. ಆದರೆ ಆ ದಾರಿ ಹೋದದ್ದು ಕುಪ್ಪಂ, ಬಂಗಾರಪೇಟೆ ಕಡೆಯಿಂದ. ಹೊಸೂರು ಪಕ್ಕಕ್ಕೆ ಉಳಿಯಿತು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೊರಪ್ಪೂರಿನಿಂದ ಧರ್ಮಪುರಿ, ಮುಂದೆ ಹೊಸೂರಿಗೆ ಒಂದು ನ್ಯಾರೋಗೇಜ್ ರೈಲು ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಮುಚ್ಚಿ ಕಂಬಿಗಳನ್ನೇ ಕಿತ್ತುಕೊಂಡು ಹೋದರು. ಮತ್ತೆ ಹೊಸೂರಿಗೆ ರೈಲು ಬರಲು ದಶಕಗಳೇ ಕಾಯಬೇಕಾಯಿತು. ನೋಡಿ, ಬಂದ ವೇಗ ಹಿಂದಕ್ಕೂ ಹೋಗಬಹುದು!

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ಚೀಲಗಳನ್ನು ಪುಟ್ಟ ವಿಮಾನದಲ್ಲಿ ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬ ಪೈಲಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಒಯ್ದರು. ಟಾಟಾ ಅಂಚೆ ವಿಮಾನದ ಮೊಟ್ಟಮೊದಲ ದಾರಿಯಲ್ಲೇ ನಮ್ಮ ಕನ್ನಡದ ಊರು ಬಳ್ಳಾರಿ ಇತ್ತು! ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ನಮ್ಮ ಹೊಸೂರಿನ ಹಾಗೇ. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಸೇಲಂ ಜಿಲ್ಲೆಯಲ್ಲಿದ್ದ ಹೊಸೂರು ಇಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಹೊಸ ಕೃಷ್ಣಗಿರಿ ಜಿಲ್ಲೆಗೆ ಸೇರಿತು.

1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದರು. 1948ರ ಜೂನ್ 8ರಂದು ಏರ್ ಇಂಡಿಯಾದ "ಮಲಬಾರ್ ಪ್ರಿನ್ಸೆಸ್" ವಿಮಾನ ಮುಂಬಯಿಯಿಂದ ಕೈರೊ, ಜಿನೀವಾ ಮೂಲಕ ಲಂಡನ್ನಿಗೆ ಹೊರಟು ಎರಡು ದಿನದಲ್ಲಿ ಸೇರಿತು. ಆರು ತಿಂಗಳು ಎರಡು ದಿನಕ್ಕೆ ಇಳಿದಿತ್ತು.

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ

ಈಗ ನಮ್ಮ ಮುಖ್ಯ ಲೆಕ್ಕಕ್ಕೆ ಬರೋಣ. 2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲೂ ಇಳಿಯದೆ ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂತು. ನಡೆಸಿದವರು ನಾಲ್ವರು ಮಹಿಳಾ ಪೈಲಟ್‌ಗಳು: ಜೋಯಾ ಅಗರ್‌ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನವಾರೆ ಮತ್ತು ಶಿವಾನಿ ಮನ್ಹಾಸ್. ಸರಪಳಿ ಎಳೆದವರ ಹೆಸರು ಉಳಿಯಲಿಲ್ಲ, ಆದರೆ ಇವರ ಹೆಸರು ದೇಶವೆಲ್ಲ ಕೇಳಿತು. ಹೆಣ್ಣುಮಕ್ಕಳಿಗೆ ಈ ಹೆಸರುಗಳನ್ನು ಓದಿ ಹೇಳಿ.

ಎರಡು ನಗರಗಳ ನಡುವಿನ ನೇರದೂರ 13,993 ಕಿ.ಮೀ. ಹಿಡಿದ ಹೊತ್ತು ಸುಮಾರು 17 ಗಂಟೆ. 17 ಗಂಟೆಯ ಪ್ರಯಾಣಕ್ಕೆ 9ರಿಂದ 11ಕ್ಕೆ ತಾರೀಖು ಹೇಗೆ ಹಾರಿತು? ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಯದಕ್ಕಿಂತ 13 ಗಂಟೆ 30 ನಿಮಿಷ ಮುಂದಿದೆ. ಅಲ್ಲಿ 9ರ ರಾತ್ರಿ 8-30 ಎಂದರೆ ಇಲ್ಲಿ ಆಗಲೇ 10ರ ಬೆಳಿಗ್ಗೆ 10 ಗಂಟೆ. ಅದಕ್ಕೆ 17 ಕೂಡಿಸಿದರೆ 11ರ ಬೆಳಗಿನ ಜಾವ 3 ಗಂಟೆ. ಲೆಕ್ಕ ಸರಿಹೋಯಿತಲ್ಲ!

ಇನ್ನೊಂದು ಸೋಜಿಗ. ಗೋಡೆಯ ನಕ್ಷೆಯಲ್ಲಿ ಈ ಎರಡು ಊರುಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಸಾಗರ, ಖಂಡಗಳ ಮೇಲೆ ಅಡ್ಡಡ್ಡಲಾಗಿ ಹೋಗುತ್ತದೆ. ಆ ಗೆರೆ ಹಿಡಿದು, ದಿಕ್ಸೂಚಿಯ ಒಂದೇ ದಿಕ್ಕಿಗೆ ಹಾರಿದರೆ ಆಗುವ ದೂರ ಸುಮಾರು 16,000 ಕಿ.ಮೀ. ನಿಜವಾದ ಹತ್ತಿರದ ದಾರಿ ಅದಕ್ಕಿಂತ 2,000 ಕಿ.ಮೀ. ಕಡಿಮೆ. ಏಕೆಂದರೆ ಭೂಮಿ ಗೋಳ, ನಕ್ಷೆ ಚಪ್ಪಟೆ ಕಾಗದ. ಗೋಳದ ಮೇಲೆ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದರೆ ಸಿಗುವುದೇ ಹತ್ತಿರದ ದಾರಿ. ಅದನ್ನು ಮಹಾವೃತ್ತ ಎನ್ನುತ್ತಾರೆ.

ಬೆಂಗಳೂರು ವಿಮಾನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶ. ಸ್ಯಾನ್ ಫ್ರಾನ್ಸಿಸ್ಕೋದ್ದು 37.6 ಡಿಗ್ರಿ ಉತ್ತರ, 122.4 ಡಿಗ್ರಿ ಪಶ್ಚಿಮ. ರೇಖಾಂಶಗಳನ್ನು ಕೂಡಿಸಿದರೆ 200. 360ರಲ್ಲಿ ಕಳೆದರೆ 160. ಅಂದರೆ ಎರಡೂ ಊರುಗಳು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಹಾಗಿದ್ದಾಗ ಪೂರ್ವಕ್ಕೋ ಪಶ್ಚಿಮಕ್ಕೋ ಸುತ್ತುವುದಕ್ಕಿಂತ ಉತ್ತರದ ಹಿಮನಾಡಿನ ಮೇಲಿಂದ ದಾಟುವುದೇ ಹತ್ತಿರ. ಹೊಲದ ಬದುವಿನ ಮೇಲೆ ಸುತ್ತುವ ಬದಲು ಅಡ್ಡ ಹಾಯುವ ಹಾಗೆ.

ಆ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಧ್ರುವದ ದಾರಿಯ ದೂರವನ್ನು ಎಂಟನೇ ತರಗತಿಯ ಮಕ್ಕಳೂ ಲೆಕ್ಕ ಹಾಕಬಹುದು. ಸ್ಯಾನ್ ಫ್ರಾನ್ಸಿಸ್ಕೋದಿಂದ ಧ್ರುವಕ್ಕೆ 90 – 37.6 = 52.4 ಡಿಗ್ರಿ. ಧ್ರುವದಿಂದ ಬೆಂಗಳೂರಿಗೆ 90 – 13.2 = 76.8 ಡಿಗ್ರಿ. ಒಟ್ಟು 129.2 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಗುಣಿಸಿದರೆ 14,340 ಕಿ.ಮೀ. ಬರುತ್ತದೆ. ಮಹಾವೃತ್ತದ ದೂರಕ್ಕಿಂತ ಸುಮಾರು 350 ಕಿ.ಮೀ. ಹೆಚ್ಚು. ಹಾಗಾದರೆ ಪೈಲಟ್‌ಗಳು ಏಕೆ ಹತ್ತಿರದ ಗೆರೆಯನ್ನೇ ಹಿಡಿಯುವುದಿಲ್ಲ? ಮೇಲೆ ಬೀಸುವ ಗಾಳಿಯಿಂದಾಗಿ. ಎದುರುಗಾಳಿಯಲ್ಲಿ ಸೈಕಲ್ ತುಳಿದವರಿಗೆ ಇದು ಗೊತ್ತು. ಗಾಳಿ ಅನುಕೂಲವಾಗಿದ್ದರೆ ಸ್ವಲ್ಪ ಸುತ್ತಿದರೂ ಹೊತ್ತು, ಇಂಧನ ಎರಡೂ ಉಳಿಯುತ್ತವೆ. ಜೊತೆಗೆ ಯಾವ ದೇಶದ ಆಕಾಶ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನೂ ನೋಡಬೇಕು. ಈ ನೇರ ಸೇವೆಯೇ ನಡುವೆ ನಿಂತು, 2022ರ ಡಿಸೆಂಬರ್‌ನಲ್ಲಿ ಮತ್ತೆ ಶುರುವಾದದ್ದುಂಟು. ಆಕಾಶದಲ್ಲೂ ಗಡಿಗಳಿವೆ ಎಂಬುದನ್ನು ಗಡಿನಾಡಿನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹ್ಯಾರಿಸ್‌ನ ಸೈನ್ಯದ ವೇಗದಲ್ಲಿ ಈ ದೂರ ಕ್ರಮಿಸಿದ್ದರೆ? ಸುಮಾರು 8 ವರ್ಷ!

ನಮ್ಮ ಪಾಲಿಗೆ ಏನಾಯಿತು?

ಪ್ರಪಂಚ ಹತ್ತಿರವಾಯಿತು ಎಂದು ಎಲ್ಲರೂ ಬರೆಯುತ್ತಾರೆ. ಆದರೆ ಹೊಸೂರಿನ ಲೆಕ್ಕ ಸ್ವಲ್ಪ ಬೇರೆ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದವು. ಹೊಸೂರಿಗೆ ಅದರ ಆಕಾಶದೂರ ಸುಮಾರು 30 ಕಿ.ಮೀ. ಆಮೇಲೆ ನಿಲ್ದಾಣ ದೇವನಹಳ್ಳಿಗೆ ಹೋಯಿತು. ಆಕಾಶದೂರ ಸುಮಾರು 50 ಕಿ.ಮೀ. ಆಯಿತು. ರಸ್ತೆಯಲ್ಲಿ ಇನ್ನೂ ಹೆಚ್ಚು, ಅದೂ ಇಡೀ ಬೆಂಗಳೂರು ದಾಟಿ! ಅಮೆರಿಕಾ ಹತ್ತಿರವಾಗುತ್ತಾ ಬಂದ ಕಾಲದಲ್ಲೇ ವಿಮಾನ ನಿಲ್ದಾಣ ನಮ್ಮಿಂದ ದೂರವಾಯಿತು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ, 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಹಳದಿ ಮಾರ್ಗ ಬಂದು ಹೊತ್ತು ಸ್ವಲ್ಪ ಉಳಿದಿದೆ. ಎರಡೂ ಗಡಿಗೆ ಮೊದಲೇ ಮುಗಿಯುತ್ತವೆ.

ಹಾಗೆಂದು ನಮ್ಮಲ್ಲಿ ರನ್‌ವೇ ಇಲ್ಲವೆಂದಲ್ಲ. ಹೊಸೂರಿನ ಪಕ್ಕದ ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯ ಸುಮಾರು 7,000 ಅಡಿಯ ರನ್‌ವೇ ಇದೆ. ಇಟಲಿಯ ವಿನ್ಯಾಸದ ಸಣ್ಣ ವಿಮಾನಗಳನ್ನು ಅಲ್ಲೇ ತಯಾರಿಸಿದ್ದಾರೆ. ಆದರೆ ಪ್ರಯಾಣಿಕರ ಸೇವೆಗೆ ಒಂದು ವೃತ್ತ ಅಡ್ಡ ನಿಂತಿದೆ. ಬೆಂಗಳೂರು ನಿಲ್ದಾಣದ ಒಪ್ಪಂದದ ಪ್ರಕಾರ, ಅದು ಶುರುವಾದ 25 ವರ್ಷಗಳವರೆಗೆ, ಅಂದರೆ 2033ರವರೆಗೆ, 150 ಕಿ.ಮೀ. ಆಕಾಶದೂರದೊಳಗೆ ಮೈಸೂರು, ಹಾಸನ ಬಿಟ್ಟು ಬೇರೆ ಕಡೆ ಹೊಸ ಅಂತರರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಲ್ಯಾಂಬ್ಟನ್ ಕೋನ ಅಳೆದು ಕಂಡ ಆಕಾಶದೂರ ಇಂದು ಒಪ್ಪಂದದ ಕಾಗದದಲ್ಲಿ ಕುಳಿತು ಒಂದು ಊರಿನ ಭವಿಷ್ಯ ನಿರ್ಧರಿಸುತ್ತಿದೆ. ಅಳತೆ ಬರೀ ಗಣಿತವಲ್ಲ ಎಂದು ಇದರಿಂದ ತಿಳಿಯುತ್ತದೆ.

2024ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ಸಾಮರ್ಥ್ಯದ ಅಂತರರಾಷ್ಟ್ರೀಯ ನಿಲ್ದಾಣ ಕಟ್ಟುವುದಾಗಿ ವಿಧಾನಸಭೆಯಲ್ಲಿ ಘೋಷಿಸಿದರು. ನಿಲ್ದಾಣ ಬಂದರೆ ನಮ್ಮ ಮಕ್ಕಳಿಗೆ ಕೆಲಸ ಸಿಗಬಹುದು. ಆದರೆ 2,000 ಎಕರೆ ಎಂದರೆ ಕೋಸು, ಟೊಮೆಟೊ, ಗುಲಾಬಿ, ರಾಗಿ ಬೆಳೆಯುವ ನೆಲ. ಆ ಹೊಲಗಳಲ್ಲಿ ದುಡಿಯುವವರಲ್ಲಿ ಕನ್ನಡ, ತೆಲುಗು ಮಾತಾಡುವ ಮನೆಗಳು ಬಹಳ. ಯಾರ ಹೊತ್ತು ಉಳಿಯುತ್ತದೆ, ಯಾರ ನೆಲ ಹೋಗುತ್ತದೆ ಎಂದು ಎರಡನ್ನೂ ಒಟ್ಟಿಗೆ ಕೇಳಬೇಕು. 1800ರಲ್ಲಿ ಸರಪಳಿ ಬಂದಾಗ ನಮ್ಮವರಿಗೆ ಅದು ಏಕೆಂದು ಯಾರೂ ಹೇಳಲಿಲ್ಲ. ಈಗ ಅಳೆಯಲು ಬರುವವರನ್ನು ನಮ್ಮ ಮಕ್ಕಳು ಕೇಳುವಂತಾಗಬೇಕು, ಅವರ ಲೆಕ್ಕವನ್ನು ತಾಳೆ ನೋಡುವಂತೆಯೂ ಆಗಬೇಕು. ಅದಕ್ಕೆ ಅಕ್ಷಾಂಶ, ರೇಖಾಂಶ, ಎಕರೆ, ಗುಂಟೆ, ಸ್ಕೇಲ್ ಇವೆಲ್ಲ ಅವರಿಗೆ ತಮ್ಮ ಮಾತಿನಲ್ಲೇ ಚೆನ್ನಾಗಿ ಗೊತ್ತಿರಬೇಕು. ಕನ್ನಡ ಮಾಧ್ಯಮ ಶಾಲೆಯ ಕೆಲಸ ಅದೇ.

ತರಗತಿಗೆ ಒಂದು ಚಟುವಟಿಕೆ

ಶಿಕ್ಷಕ ಮಿತ್ರರು ಹೀಗೆ ಮಾಡಿಸಿ ನೋಡಬಹುದು. 30 ಸೆಂ.ಮೀ. ವ್ಯಾಸದ ಗ್ಲೋಬ್ ತೆಗೆದುಕೊಳ್ಳಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರ ಬಿಗಿಯಾಗಿ ಹಿಡಿದು ಅಳೆಯಿರಿ. ಸುಮಾರು 33 ಸೆಂ.ಮೀ. ಬರಬೇಕು. ಗ್ಲೋಬಿನ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಅನುಪಾತ ಹಾಕಿದರೆ ಉತ್ತರ 14,000 ಕಿ.ಮೀ. ಹತ್ತಿರ ಬರುತ್ತದೆ. ದಾರ ಯಾವ ಯಾವ ನಾಡಿನ ಮೇಲೆ ಹಾಯುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿ.

ಆಮೇಲೆ ಇನ್ನೊಂದು ಪಟ್ಟಿ ಮಾಡಿಸಿ. ಮನೆಯಿಂದ ಶಾಲೆಗೆ, ಆಸ್ಪತ್ರೆಗೆ, ಸಂತೆಗೆ, ತಾಲೂಕು ಕಚೇರಿಗೆ ಎಷ್ಟು ದೂರ, ಎಷ್ಟು ಹೊತ್ತು? ದೂರವನ್ನು ಹೊತ್ತಿನಿಂದ ಭಾಗಿಸಿ ವೇಗ ಕಂಡುಹಿಡಿಯಲಿ. ಅಂಚೆಟ್ಟಿ ಕಡೆಯ ಕಾಡಂಚಿನ ಹಳ್ಳಿಯ ಮಗುವಿನ ಉತ್ತರಕ್ಕೂ ಹೊಸೂರು ಪೇಟೆಯ ಮಗುವಿನ ಉತ್ತರಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ಆ ವ್ಯತ್ಯಾಸ ಯಾವ ವಿಮಾನದ ವೇಳಾಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಬರೆದಿಡಬೇಕಾದವರು ನಾವೇ.